ಮಸ್ತಂಗಿ ಅಕ್ಕೋರು

ಹೋದ ತಿಂಗಳು ಅವರು ನಿವೃತ್ತರಾದರು. ರಾಮದುರ್ಗ ತಾಲೂಕಿನಲ್ಲಿ, ಸುರೇಬಾನದ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾರಂಭ. ನನಗೂ ಕರೆ ಬಂದಿತ್ತು, ಫೋನು ಮಾಡಿದ್ದು ಅವರೇ. "ಬರ್ರಿ ಅಕ್ಕೋರ, ನೀವು ನಾಕು ಮಾತು ಆಡಿದ್ರ ಛಂದ ಆಗತೈತಿ" ಎಂದಿದ್ದರು. ಮೊಣಕಾಲು ನೋವೆಂದು ಹೇಳಿ ನಾನು ಹೋಗಲಿಲ್ಲ. ಮೊಣಕಾಲು ನೋಯುತ್ತಿದ್ದದ್ದು ಸುಳ್ಳಲ್ಲ. ಆದರೆ ನೋವು ಮೊಣಕಾಲಿನಲ್ಲಿ ಮಾತ್ರ ಇರಲಿಲ್ಲ.

ನನ್ನ ಮಗಳು ಅಕ್ಷತಾ ಕೆಲಸಕ್ಕೆ ರಜೆ ಹಾಕಿ ಹೋಗಿದ್ದಳು. ಫೋಟೋಗಳನ್ನು ನಾನು ಅವಳ ಫೋನಿನ ಸ್ಟೇಟಸ್ಸಿನಲ್ಲಿ ನೋಡಿದೆ. ವೇದಿಕೆಯ ಹಿಂದೆ ದೊಡ್ಡ ಬ್ಯಾನರು. "ನಮ್ಮ ಮಸ್ತಂಗಿ ಅಕ್ಕೋರಿಗೆ ಬೀಳ್ಕೊಡುಗೆ" ಎಂದು ಕೆಂಪಕ್ಷರ. ತಂದೆ ತಾಯಿ ಇಟ್ಟ ಹೆಸರು ಅದರ ಕೆಳಗೆ ಎಲ್ಲೋ ಸಣ್ಣದಾಗಿ ಇತ್ತು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ ಬಹಳ ಹೊತ್ತು ಅದನ್ನೇ ನೋಡಿದೆ. ನಾನು ಕನ್ನಡ ಶಿಕ್ಷಕಿಯಾಗಿದ್ದವಳು. ನನ್ನ ನಿವೃತ್ತಿಯ ದಿನ ಒಂದು ಶಾಲು, ಒಂದು ಗೋಡೆ ಗಡಿಯಾರ ಕೊಟ್ಟರು. ಬ್ಯಾನರಿನಲ್ಲಿ ನನ್ನ ಹೆಸರಿನ ಒತ್ತಕ್ಷರವೇ ತಪ್ಪಾಗಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಮುರಗೋಡದಿಂದ ಸವದತ್ತಿಯವರೆಗೆ ಯಾವ ಊರಲ್ಲಿ ಕೇಳಿದರೂ ಮಸ್ತಂಗಿ ಅಕ್ಕೋರು ಎಂದರೆ ಸಾಕು.

ಮುರಗೋಡದ ಆಚೆ ನಮ್ಮ ಶಾಲೆಯಿದ್ದ ಊರು. ನಾನು ಬೈಲಹೊಂಗಲದಿಂದ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ಜೂನ್ ತಿಂಗಳ ಬೆಳಿಗ್ಗೆ ಅದೇ ಬಸ್ಸಿಗೆ ಅವರು ಹತ್ತಿದರು. ನೀಲಿ ಸೀರೆ, ಕಾಲಲ್ಲಿ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ. ತಾಳಿಯಿರಲಿಲ್ಲ. ಬಸ್ಸಿನ ಹೆಂಗಸರೆಲ್ಲ ಮೊದಲು ನೋಡಿದ್ದು ಅದನ್ನೇ, ನಾನೂ ನೋಡಿದೆ. ನನ್ನ ಪಕ್ಕ ಜಾಗ ಖಾಲಿಯಿತ್ತು. ಕುಳಿತುಕೊಳ್ಳಿ ಎಂದೆ.

"ಬ್ಯಾಡ್ರಿ, ನಿಂದರತೇನಿ. ದಿನಾ ಹುಡುಗ್ಯಾರಿಗೆ ಕುಂಡ್ರಬ್ಯಾಡ್ರಿ, ಏಳ್ರಿ ಅಂತೇನಿ. ನಾನ ಕುಂತ್ರ ಹೆಂಗ್ರಿ?"

ಹೊಸ ಪಿ.ಟಿ. ಶಿಕ್ಷಕಿ ಎಂದು ಆಗ ತಿಳಿಯಿತು. ಅಥಣಿ ಕಡೆಯವರು. ಗಂಡನ ಮನೆ ಬಿಟ್ಟು ಬಂದವರು, ಮಕ್ಕಳಿಲ್ಲ, ಬೈಲಹೊಂಗಲದಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದಾರೆ. ಇದಿಷ್ಟನ್ನು ಅವರು ಹೇಳಲಿಲ್ಲ, ವಾರದೊಳಗೆ ಬಸ್ಸೇ ಹೇಳಿತು.

ಅವರಿಗೆ ಓದಿನ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಪೇಪರು ಓದುತ್ತಿದ್ದರೆ ಅವರು ಹರಿದ ವಾಲಿಬಾಲ್ ನೆಟ್ಟಿಗೆ ಗಂಟು ಹಾಕುತ್ತ ಕೂಡುತ್ತಿದ್ದರು. ಹುಡುಗಿಯರು ಬಿದ್ದು ಮಂಡಿ ತರಚಿಕೊಂಡು ಬಂದರೆ ಅಯ್ಯೋ ಎನ್ನುತ್ತಿರಲಿಲ್ಲ. "ಅಳೂದು ಆಮ್ಯಾಲೆ, ಮೊದಲ ನೀರು ಕುಡಿ" ಎನ್ನುತ್ತಿದ್ದರು. ನೀರು ಕುಡಿದು ಮುಗಿಯುವಷ್ಟರಲ್ಲಿ ಅಳು ನಿಂತಿರುತ್ತಿತ್ತು. ನಾನು ಪಾಠ ಮಾಡುವಾಗ ಕಿಟಕಿಯಾಚೆ ಅವರ ಸೀಟಿ ಕೇಳಿದರೆ ಇಡೀ ತರಗತಿಯ ಕಣ್ಣು ಹೊರಗೆ ಓಡುತ್ತಿತ್ತು. ಎಷ್ಟೋ ಸಲ ಕಿಟಕಿ ಹಾಕಿಸಿದ್ದೇನೆ. ಸೆಕೆಯಲ್ಲಿ ಬೇಯುತ್ತ ಕುಳಿತ ಹುಡುಗಿಯರು ನನ್ನನ್ನೇನೂ ಹೆಚ್ಚು ಕೇಳಿಸಿಕೊಳ್ಳಲಿಲ್ಲ.

ಇನ್ನು ಆ ಅಂಗಿಯ ಸಂಗತಿ. ಅವರು ಖೋಖೋ ತಂಡ ಕಟ್ಟಿದರು. ಹುಡುಗಿಯರಿಗೆ ಒಂದೇ ಬಗೆಯ ಅಂಗಿ ಬೇಕೆಂದು ಬೆಳಗಾವಿಗೆ ಹೋಗಿ ಒಂದು ಗಂಟು ಹೊತ್ತು ತಂದರು. ಕಡುಗೆಂಪು ಬಣ್ಣ, ಮುಂದೆಯೂ ಹಿಂದೆಯೂ ನಂಬರು, ಎದೆಯ ಮೇಲೆ ಅಡ್ಡಕ್ಕೆ ಬಿಳಿಯ ಇಂಗ್ಲಿಷ್ ಅಕ್ಷರ. ಯಾವುದೋ ಕಾಲೇಜಿನ ಹುಡುಗರಿಗೆಂದು ಹೊಲಿಸಿ ಅವರು ಬಿಟ್ಟುಹೋದ ಮಾಲು ಇರಬೇಕು. ಹುಡುಗಿಯರು ಅಕ್ಷರ ಕೂಡಿಸಿ ಓದಿದರು. ಮಸ್ಟಾಂಗ್. ಒಬ್ಬಳು ಮಸ್ತಂಗ ಎಂದಳು, ಮತ್ತೊಬ್ಬಳು ಮಸ್ತಂಗಿ ಎಂದಳು.

"ಮಸ್ತ್ ಅಂಗಿ ಅಂತ ಬರದಾರಲೇ" ಎಂದು ನಕ್ಕದ್ದು ಅಧ್ಯಕ್ಷರ ಮಗಳು ರೂಪಾ. ಶಾಲೆಯ ಸಮಿತಿಗೆ ಅಧ್ಯಕ್ಷರಾಗಿದ್ದ ಗೌಡರ ಮಗಳು ಅವಳು, ತಂಡದಲ್ಲಿ ಎಲ್ಲರಿಗಿಂತ ಚುರುಕು.

ಅಂಗಿ ಮಸ್ತಾಗಿಯೇ ಇತ್ತು. ಅರ್ಥ ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ಅದು ಊರು ತಿರುಗಲು ಹೊರಟಿತು. ಹತ್ತನೆಯ ತರಗತಿಯ ಹುಡುಗರು ಅದೊಂದು ಕಾರಿನ ಹೆಸರೆಂದರು. ಸೈನ್ಯದಲ್ಲಿದ್ದು ಬಂದ ಸುಬೇದಾರ ಅಜ್ಜ ಅಂಗಿಯನ್ನು ಕಂಡು ನಿಂತು, ಇದು ಹಳೆಯ ಕಾಲದ ಯುದ್ಧ ವಿಮಾನದ ಹೆಸರು, ಚಿತ್ರ ನೋಡಿದ್ದೇನೆ ಎಂದ. ಅಂಗಿ ತಂದವರನ್ನೇ ಕೇಳಿದರೆ, "ನನಗೇನ ಗೊತ್ರಿ? ಕಾಲರ ಗಟ್ಟಿ ಇತ್ತು, ತಗೊಂಡು ಬಂದೆ" ಎಂದರು. ಅಷ್ಟರಲ್ಲಿ ಹುಡುಗಿಯರು ಅವರನ್ನು ಮಸ್ತಂಗಿ ಅಕ್ಕೋರು ಎಂದು ಕರೆಯಲು ಶುರು ಮಾಡಿದ್ದರು.

ಅಕ್ಷತಾಳನ್ನು ನಾನು ನನ್ನ ಶಾಲೆಗೇ ಸೇರಿಸಿಕೊಂಡಿದ್ದೆ. ಬೆಳಿಗ್ಗೆ ಒಟ್ಟಿಗೆ ಹೋಗಿ ಸಂಜೆ ಒಟ್ಟಿಗೆ ಬರುವುದು. ಶಾಲೆಯಲ್ಲಿ ಎಲ್ಲರಂತೆ ನನ್ನನ್ನೂ ಅಕ್ಕೋರ ಎನ್ನಬೇಕು, ಅವ್ವಾ ಎನ್ನಬಾರದು ಎಂದು ತಾಕೀತು ಮಾಡಿದ್ದೆ. ಅವಳ ಕಂಠ ಚೆನ್ನಾಗಿತ್ತು. ಕಂಠಪಾಠ ಸ್ಪರ್ಧೆಗೆಂದು ಹಳೆಗನ್ನಡದ ಪದ್ಯಗಳನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿಸಿದ್ದೆ. ಬೆಳಗಾವಿಯವರೆಗೆ ಹೋಗಿ ಬಹುಮಾನ ತಂದವಳು. ನಮ್ಮ ಮನೆಯ ಷೋಕೇಸಿನಲ್ಲಿರುವ ಲೋಟ, ಬಟ್ಟಲುಗಳೆಲ್ಲ ಅವಳ ಪದ್ಯದ ಬಹುಮಾನಗಳೇ.

ಒಂದು ದಿನ ನಾವಿಬ್ಬರೂ ತಡವಾಗಿ ಬಸ್ಸಿಗೆ ಓಡಿದೆವು. ಅವಳು ಮುಂದೆ ಓಡಿಹೋಗಿ ಬಸ್ಸು ನಿಲ್ಲಿಸಿದಳು. ಬಾಗಿಲಲ್ಲಿ ನಿಂತಿದ್ದ ಅವರು ಅದನ್ನು ನೋಡಿದರು.

"ಅಕ್ಕೋರ, ಈ ಹುಡುಗೀನ ನನಗ ಕೊಡ್ರಿ" ಎಂದರು.

ನಾನು ತಮಾಷೆ ಎಂದುಕೊಂಡೆ. ಅಕ್ಷತಾ ಹಾಗೆಂದುಕೊಳ್ಳಲಿಲ್ಲ, ಮರುದಿನವೇ ಖೋಖೋ ತಂಡ ಸೇರಿದಳು.

ಆಮೇಲೆ ನನ್ನ ಮನೆಯೊಳಗೆ ಅವರು ಬಂದು ನೆಲೆಸಿದ ಹಾಗಾಯಿತು. ಅಕ್ಷತಾ ಎರಡು ಜಡೆ ಬಿಟ್ಟು ಒಂದೇ ಬಿಗಿ ಗಂಟು ಕಟ್ಟಿಕೊಳ್ಳಲು ಕಲಿತಳು, ಅವರ ಹಾಗೆ. ನೆನೆಸಿದ ಶೇಂಗಾ ಬೇಕೆಂದಳು, ಅವರು ತಿನ್ನುತ್ತಾರೆಂದು. ಒಂದು ದಿನ ಒಲೆಯ ಮೇಲಿನ ಹಾಲು ಕೈಮೇಲೆ ಸಿಡಿದು ನಾನು ಕೂಗಿಕೊಂಡರೆ, ಮಗಳು ತಣ್ಣೀರಿನ ತಂಬಿಗೆ ತಂದು ಹಿಡಿದು, "ಅಳೂದು ಆಮ್ಯಾಲೆ, ಅವ್ವಾ" ಎಂದಳು. ನನ್ನ ಮಗಳ ಬಾಯಲ್ಲಿ ನಾನು ತುಂಬಿದ ಪದ್ಯಗಳಿದ್ದವು. ಆ ಹೊತ್ತಿಗೆ ಹೊರಬಂದದ್ದು ಆ ಹೆಂಗಸಿನ ಮಾತು. ಸುಟ್ಟ ಕೈಗಿಂತ ಅದು ಹೆಚ್ಚು ಉರಿಯಿತು.

ಒಂದು ಮಧ್ಯಾಹ್ನ ಅಕ್ಷತಾಳಿಗೆ ಜ್ವರ ಏರಿತ್ತು. ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕುಳಿತಿದ್ದೆ. ಕಣ್ಣು ಮುಚ್ಚಿಯೇ "ಅಕ್ಕೋರ" ಎಂದು ಕನವರಿಸಿದಳು. ಶಾಲೆಯಲ್ಲಿ ನಾನೂ ಅವಳಿಗೆ ಅಕ್ಕೋರೇ. ಯಾವ ಅಕ್ಕೋರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ತಾಲೂಕು ಮಟ್ಟದ ಆಟಗಳು ಹತ್ತಿರ ಬಂದವು. ಸವದತ್ತಿಯಲ್ಲಿ. ಅದಕ್ಕೆ ಕೆಲವೇ ದಿನ ಮೊದಲು ಗೌಡರು ಸಮಿತಿಯ ಸಭೆ ಕರೆದರು. ಯಾರೋ ಅವರಿಗೆ ಫೋನಿನಲ್ಲಿ ಅಂಗಿಯ ಮೇಲಿನ ಪದದ ಅರ್ಥ ತೆಗೆದು ತೋರಿಸಿದ್ದರು.

ಗೌಡರು ಕೆಟ್ಟವರಲ್ಲ. ಶಾಲೆಯ ಬೋರು ಕೆಟ್ಟರೆ ತಾವೇ ಮುಂದೆ ನಿಂತು ಸರಿಮಾಡಿಸುವವರು. ಅವತ್ತು ಮಾತ್ರ ಮುಖ ಗಂಟಿಕ್ಕಿಕೊಂಡು ಕುಳಿತಿದ್ದರು.

"ಕನ್ನಡ ಅಕ್ಕೋರ, ನೀವು ತಿಳದವರು. ಇದರಾಗ ಒಡ್ಯಾ ಇಲ್ಲದ ಕುದರಿ ಅಂತ ಐತಿ. ಅಡವ್ಯಾಗ ತಿರಗೂ ಕುದರಿ. ಅಂದ್ರ ಬಿಡಾಡಿ ಅಂತಾತು. ಖರೆ ಏನ್ರಿ?"

ನಾನು ಮನೆಯಲ್ಲಿ ಆಗಲೇ ನಿಘಂಟು ನೋಡಿ ಬಂದಿದ್ದೆ. ಖರೆ ಎಂದೆ.

"ಅಂದ್ರ ನಮ್ಮ ಹುಡುಗ್ಯಾರು ಎದಿಮ್ಯಾಲೆ ಬಿಡಾಡಿ ಅಂತ ಬರಕೊಂಡು ಸವದತ್ತಿ ತುಂಬ ಓಡಬೇಕೇನ್ರಿ? ನಾಳೆ ಇವರಿಗೆ ಕನ್ಯಾ ನೋಡಾಕ ಬಂದವರು ಏನಂತಾರ?"

ಅದು ನನ್ನ ಕ್ಷೇತ್ರ. ಪದ ನನ್ನ ಕಸುಬು. ಇಲ್ಲಾದರೂ ನನ್ನ ಮಾತು ನಡೆಯುತ್ತದೆ ಎಂದು ಎದ್ದು ನಿಂತೆ. ಮಗಳು ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದಾಳೆ ಎಂದೂ ಗೊತ್ತಿತ್ತು.

"ಗೌಡ್ರ, ಬಿಡಾಡಿ ಅನ್ನೂದು ಬೈಗುಳ ಆದದ್ದು ಆಮ್ಯಾಲೆ. ಬಿಡು ಅಂದ್ರ ಕಟ್ಟು ಬಿಚ್ಚೂದು. ಆಡು ಅಂದ್ರ ಅಡ್ಡಾಡೂದು. ಕಟ್ಟು ಬಿಚ್ಚಿಕೊಂಡು ತನ್ನ ಮನಸಿಲೆ ಓಡೂ ಜೀವ ಅಂತ ಅರ್ಥ. ದೇವರ ಹೆಸರಿಲೆ ಬಿಟ್ಟ ಗೂಳೀನೂ ಬಿಡಾಡಿನ ಅಲ್ಲೇನ್ರಿ? ಅದಕ್ಕ ನಾವು ಕೈ ಮುಗಿತೀವಿ."

ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು. ಒಂದಿಬ್ಬರು ತಲೆದೂಗಿದರು. ಹಿಂದಿನಿಂದ ಒಂದು ದನಿ ಬಂತು. "ಗೂಳಿ ಮಾತ ಬ್ಯಾರೆ ಬಿಡ್ರಿ ಅಕ್ಕೋರ, ಅದು ಗಂಡು." ಅದೇ ದನಿ ಸ್ವಲ್ಪ ತಗ್ಗಿ, "ಆ ಪಿ.ಟಿ. ಅಕ್ಕೋರಿಗೆ ಹೊಂದೂ ಮಾತಂತೂ ಹೌದು" ಎಂದಿತು.

ಯಾರೂ ನಗಲಿಲ್ಲ. ಯಾರೂ ತಡೆಯಲೂ ಇಲ್ಲ. ನನ್ನ ಬಾಯಲ್ಲಿ ಅಷ್ಟೊಂದು ಪದಗಳಿದ್ದವು, ಒಂದೂ ಮುಂದೆ ಬರಲಿಲ್ಲ.

ಮೂಲೆಯಲ್ಲಿ ಕುಳಿತಿದ್ದ ಪಿ.ಟಿ. ಅಕ್ಕೋರು ಎದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಮೈದಾನಕ್ಕೆ ಇಳಿಯುವ ಮೊದಲು ಮಾಡುವ ಹಾಗೆ.

"ಹೌದ್ರಿ. ಆ ಮಾತು ನನ್ನ ಹಿಂದಿಂದ ಭಾಳ ಮಂದಿ ಅಂತಾರ, ನೀವು ಇವತ್ತ ಎದುರಿಗೆ ಅಂದ್ರಿ. ಗಂಡನ ಮನಿ ಬಿಟ್ಟು ಬಂದಾಕಿನ ನಾನು. ಹೊಡತಾ ತಿನ್ನೂದು ಸಾಕಾತು, ಬಂದೆ. ಅದಕ್ಕ ಏನ ಹೆಸರ ಇಡತೀರೋ ಇಡ್ರಿ, ಅದು ನನ್ನ ಮ್ಯಾಲೆ ಇರಲಿ. ಹುಡುಗ್ಯಾರಿಗೆ ಬ್ಯಾಡ. ಅಂಗಿ ಒಳಗಿಂದು ಹೊರಗ ಮಾಡಿ ಹಾಕಿಸ್ತೇನಿ. ಅಕ್ಷರ ಒಳಗ ಹೋಗತಾವ. ಆದರ ಆಡಾಕ ಕಳಸ್ರಿ."

ಗೌಡರು ಫೋನನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ, "ಹಂಗಾದ್ರ ಹೋಗಲಿ. ಮಾತು ಕೊಟ್ಟಂಗ ಆತು ನೋಡ್ರಿ" ಎಂದರು.

ನಾನು ಆ ಪದದ ಬೇರು, ಕೊಂಬೆ ಎಲ್ಲ ಬಿಡಿಸಿ ಹೇಳಿದ್ದೆ. ಅವರು ಅದನ್ನು ಸುಮ್ಮನೆ ತಮ್ಮ ಮೈಮೇಲೆ ಹಾಕಿಕೊಂಡರು, ಸಭೆ ಮುಗಿಯಿತು. ಹೊರಗೆ ಬಂದಾಗ ಅಕ್ಷತಾ ನನ್ನ ಮುಂದೆಯೇ ಹಾದು ಅವರ ಹಿಂದೆ ಹೋದಳು. ಕಣ್ಣು ಒದ್ದೆಯಾಗಿತ್ತು. ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟಳು.

ಸವದತ್ತಿಗೆ ಬಾಡಿಗೆ ಗಾಡಿಯಲ್ಲಿ ಹೋದೆವು. ಹುಡುಗಿಯರ ಜೊತೆ ಇನ್ನೊಬ್ಬ ಶಿಕ್ಷಕಿ ಇರಬೇಕೆಂದು ಹೆಡ್‌ಮಾಸ್ತರರು ನನ್ನನ್ನು ಕಳಿಸಿದ್ದರು. ಮಲಪ್ರಭೆಯ ಹಿನ್ನೀರಿನ ಅಂಚಿಗೆ ಕುರಿಗಾರರು ಬಿಡಾರ ಹೂಡಿದ್ದರು. ಅವರ ತಟ್ಟು ಕುದುರೆಗಳು ಹಸಿರು ಕಂಡಲ್ಲಿ ಮೇಯುತ್ತಿದ್ದವು. ಹುಡುಗಿಯರು "ಮಸ್ತಂಗಿ, ಮಸ್ತಂಗಿ" ಎಂದು ಕಿಟಕಿಗೆ ಮುಗಿಬಿದ್ದರು. ಗಾಡಿ ನಿಲ್ಲಿಸಿ ನೋಡಿದರೆ ಒಂದೊಂದರ ಮುಂಗಾಲುಗಳನ್ನೂ ಜೋಡಿಸಿ ಹಗ್ಗ ಕಟ್ಟಿತ್ತು, ದೂರ ಹೋಗದಿರಲೆಂದು. ಹುಡುಗಿಯರು ಸುಮ್ಮನಾದರು. ಅವರ ಅಂಗಿಗಳೆಲ್ಲ ಒಳಗಿನದು ಹೊರಗಾಗಿದ್ದವು. ಹೊಲಿಗೆ, ದಾರದ ತುದಿ ಎಲ್ಲ ಕಾಣುತ್ತಿದ್ದವು.

ನಾನು ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಯೋಚಿಸುತ್ತಿದ್ದೆ. ಅವರು ಬೆರಳು ಚಾಚಿ ತೋರಿಸಿದರು. "ಆ ಕಂದು ಕುದರಿ ನೋಡ್ರಿ. ಕಾಲ ಕಟ್ಟಿದ್ರೂ ಹೆಂಗ ಜಿಗದ ಜಿಗದ ಹೊಂಟೈತಿ." ಅಷ್ಟೇ. ಗಾಡಿಯಲ್ಲಿ ಮತ್ತೆ ಗದ್ದಲ ಶುರುವಾಯಿತು.

ಮೈದಾನದಲ್ಲಿ ಪಂದ್ಯ ಶುರುವಾಗುವ ಮೊದಲೇ ತೊಡಕು ಬಂತು. ಅಂಪೈರ್ ನಮ್ಮ ತಂಡವನ್ನು ನಿಲ್ಲಿಸಿದರು. "ನಂಬರ ಕಾಣವಲ್ವು. ಹಿಂಗಾದ್ರ ಆಡಸಾಕ ಬರೂದಿಲ್ರಿ. ಅಂಗಿ ಸರಿ ಮಾಡಿ ಹಾಕಸ್ರಿ."

"ಆಗೂದಿಲ್ರಿ" ಎಂದರು ಅವರು. "ಗೌಡ್ರಿಗೆ ಮಾತು ಕೊಟ್ಟೇನಿ."

"ಮಾತು ಕೊಟ್ಟೀರಿ ಅಂತ ನಿಯಮ ಬಿಡಾಕ ಬರತೈತೇನ್ರಿ? ಆಡೂದಿಲ್ಲ ಅಂತ ಬರಕೊಳ್ಳಲಿ?"

ಗೌಡರು ಮಗಳ ಆಟ ನೋಡಲು ಬಂದು ಕಂಪೌಂಡಿನ ಹತ್ತಿರ ನಿಂತಿದ್ದರು. ಮಸ್ತಂಗಿ ಅಕ್ಕೋರು ನೇರ ಗೌಡರ ಕಡೆ ತಿರುಗಿ ಸುಮ್ಮನೆ ನಿಂತರು. ಬೇಡಲಿಲ್ಲ, ಜಗಳಾಡಲಿಲ್ಲ. ಮೈದಾನದಲ್ಲಿದ್ದವರೆಲ್ಲ ಗೌಡರ ಕಡೆ ನೋಡತೊಡಗಿದರು. ರೂಪಾ ಮಾತ್ರ ಅಪ್ಪನನ್ನು ನೋಡಲಿಲ್ಲ. ತಲೆ ಬಗ್ಗಿಸಿ ಬೂಟಿನ ಲೇಸು ಬಿಗಿಯುತ್ತಿದ್ದಳು, ಬಿಗಿದದ್ದನ್ನೇ ಬಿಚ್ಚಿ ಮತ್ತೆ ಬಿಗಿಯುತ್ತಿದ್ದಳು.

ಗೌಡರು ನನ್ನ ಹತ್ತಿರ ಬಂದರು. "ಕನ್ನಡ ಅಕ್ಕೋರ, ಅವತ್ತ ಏನೋ ಹೇಳಿದ್ರೆಲ್ಲ. ಮತ್ತೊಮ್ಮೆ ಹೇಳ್ರಿ."

"ಕಟ್ಟು ಬಿಚ್ಚಿಕೊಂಡು ತನ್ನ ಮನಸಿಲೆ ಓಡೂ ಜೀವ" ಎಂದೆ.

"ಹಂ. ಕಟ್ಟು ಬಿಚ್ಚೂದು." ಅವರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಕುದರಿ ಅಂದ ಮ್ಯಾಲೆ ಓಡಲಿ ಬಿಡ್ರಿ. ತಿರುವಿ ಹಾಕ್ಕೊಳ್ರಿ. ಲಗೂನ."

ಗಾಡಿಯಲ್ಲಿದ್ದ ಜಮಖಾನೆ ತಂದೆವು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವರು. ಅದರ ಮರೆಯಲ್ಲಿ ಹುಡುಗಿಯರು ಕಿಸಿಕಿಸಿ ನಗುತ್ತ ಅಂಗಿ ತಿರುವಿಕೊಂಡರು. ಆ ಕಡೆಯಿಂದ ಅವರು ನನ್ನನ್ನು ನೋಡಿ, "ಛಲೋ ಹೇಳಿದ್ರಿ ಅಕ್ಕೋರ, ಅವತ್ತೂ ಛಲೋನ ಹೇಳಿದ್ರಿ" ಎಂದರು. ಅವರು ಮನಸ್ಸಿನಿಂದಲೇ ಹೇಳಿದರು. ಅದಕ್ಕೇ ನನಗೆ ಇನ್ನಷ್ಟು ಸಂಕಟವಾಯಿತು.

ಗೆದ್ದೆವು. ಕೊನೆಯ ಪಾಳಿಯಲ್ಲಿ ಅಕ್ಷತಾ ಕಂಬ ಹಿಡಿದು ತಿರುಗಿ, ನೆಲಕ್ಕೆ ಚಾಚಿ ಬಿದ್ದು ಎದುರು ತಂಡದವಳ ಕಾಲು ಮುಟ್ಟಿದಳು. ಸೀಟಿ ಕೇಳಿತು. ನಾನು ನಿಂತಲ್ಲೇ ಕೈ ಚಾಚಿದೆ. ಅವಳು ಓಡಿಬಂದು ಅವರ ಹೆಗಲಿಗೆ ಮುಖ ಒತ್ತಿದಳು. ಮಣ್ಣು, ಬೆವರು ಎಲ್ಲ ಅವರ ಸೀರೆಗೆ. ಅದಾದ ಮೇಲೆ ನನ್ನ ಹತ್ತಿರ ಬಂದು, "ಅಕ್ಕೋರ, ಬಾಚಣಗಿ ಐತೇನ್ರಿ?" ಎಂದು ಕೇಳಿದಳು. ನಾನೇ ಕಲಿಸಿದ ಶಿಸ್ತು, ಅವ್ವಾ ಎನ್ನಬಾರದೆಂದು.

ಜಿಲ್ಲೆಯಲ್ಲಿ ಮೊದಲ ಪಂದ್ಯದಲ್ಲೇ ಸೋತರು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆದರೆ ಆ ಪದ ಊರಲ್ಲಿ ಉಳಿಯಿತು. ತಾಯಂದಿರು ಎದುರು ಮಾತಾಡುವ ಹುಡುಗಿಗೆ "ಭಾಳ ಮಸ್ತಂಗಿ ಆಗೀದಿ ನೀನು" ಎನ್ನತೊಡಗಿದರು, ಬೈಯುವಾಗಲೂ ಮುಖದಲ್ಲೊಂದು ನಗೆ. ಕಂಡಕ್ಟರ್ "ಮಸ್ತಂಗ್ಯಾರ, ಒಳಗ ಸರೀರಿ" ಎನ್ನುತ್ತಿದ್ದ. ಕಣ್ಣಿ ಹರಿದುಕೊಂಡು ಹೋಗುವ ಮಣಕ ಆಕಳಿಗೆ ಒಬ್ಬರು ಅದೇ ಹೆಸರಿಟ್ಟರು. ಒಂದು ದಿನ ಮುರಗೋಡದ ಸ್ಟ್ಯಾಂಡಿನಲ್ಲಿ, ಬಾಯಲ್ಲಿ ಹಲ್ಲಿಲ್ಲದ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು: "ನಾನೂ ಒಂದ ಕಾಲಕ್ಕ ಮಸ್ತಂಗಿನ ಇದ್ದೆ ನೋಡವಾ."

ಅವತ್ತು ನಾನು ಬಸ್ಸು ಬಿಟ್ಟುಹೋದದ್ದನ್ನೂ ನೋಡಲಿಲ್ಲ. ಆ ಮುದುಕಿಗೆ ಆ ಪದ ಸಿಗುವ ಮೊದಲು ತನ್ನ ಬಗ್ಗೆ ಹೇಳಿಕೊಳ್ಳಲು ಯಾವ ಪದವಿತ್ತು? ಇದ್ದದ್ದು ಬಿಡಾಡಿ ಒಂದೇ, ಅದನ್ನು ಯಾರು ತಾವಾಗಿ ಹೇಳಿಕೊಳ್ಳುತ್ತಾರೆ? ಇಡೀ ಜೀವಮಾನ ಕನ್ನಡ ಕಲಿಸಿದವಳು ನಾನು. ಭಾಷೆಗೆ ಒಂದು ಪದ ಸೇರಿಸಿದವರು ಅವರು, ಅದೂ ಕಾಲರು ಗಟ್ಟಿಯಿದೆ ಎಂದು ತಂದ ಅಂಗಿಯಿಂದ. ಗೌಡರಿಗೆ ನಾನು ಹೇಳಿದ ಮಾತು ಇವತ್ತು ಯಾರ ನೆನಪಿನಲ್ಲೂ ಇಲ್ಲ. ಈಚೆಗೆ ಅಕ್ಷತಾಳನ್ನು ಕೇಳಿದೆ. "ನೀನೂ ಏನೋ ಹೇಳಿದ್ದೆಲ್ಲವ್ವಾ" ಎಂದಳು.

ಕೆಲವು ವರ್ಷಗಳ ಮೇಲೆ ಅವರಿಗೆ ರಾಮದುರ್ಗ ತಾಲೂಕಿಗೆ ವರ್ಗವಾಯಿತು. ನಾನು ನಿರಾಳವಾದೆ. ಅಕ್ಷತಾ ಬಿ.ಎ. ಮುಗಿಸಿದಳು, ಬಿ.ಎಡ್. ಮಾಡಲಿ ಎಂದು ನಾನು ಕಾಯುತ್ತಿದ್ದೆ. ಆ ವರ್ಷ ಭಾನುವಾರ ಬಂತೆಂದರೆ ಗೆಳತಿಯ ಮನೆಗೆಂದು ಹೊರಡುತ್ತಿದ್ದಳು. ಒಂದು ಸಂಜೆ ಊಟಕ್ಕೆ ಬಡಿಸುವಾಗ ಅವಳ ಅಂಗೈ ಕಂಡಿತು. ಚರ್ಮ ಸುಲಿದಿತ್ತು.

"ಏನ ಇದು?"

"ಕಂಬಾ ಹತ್ತೂದು ಕಲಿಯಾಕತ್ತೇನವ್ವಾ. ಲೈನ್‌ಮನ್ ನೌಕರಿಗೆ. ಅಕ್ಕೋರು ಕಲಸಾಕತ್ತಾರ."

ಈ ಸಲ ಯಾವ ಅಕ್ಕೋರು ಎಂದು ಕೇಳಬೇಕಾಗಿರಲಿಲ್ಲ. ಮುಂದಿನ ಭಾನುವಾರ ನಾನೂ ಬರುತ್ತೇನೆ ಎಂದೆ.

ಸುರೇಬಾನದ ಕಡೆಯ ಅವರ ಶಾಲೆಯ ಮೈದಾನದ ಮೂಲೆಯಲ್ಲಿ ತಂತಿಯಿಲ್ಲದ ಹಳೆಯ ಕಂಬವೊಂದನ್ನು ಅವರು ನೆಡಿಸಿದ್ದರು. ಬುಡದ ಸುತ್ತ ಹೊಟ್ಟು ತುಂಬಿದ ಚೀಲಗಳು. ಊರಿನ ಲೈನ್‌ಮನ್ ಹತ್ತಿರ ಮೊದಲು ತಾವು ಹತ್ತುವುದನ್ನು ಕಲಿತು, ಆ ವಯಸ್ಸಿನಲ್ಲಿ ತುದಿ ಮುಟ್ಟಿ ಇಳಿದು, ಆಮೇಲೆ ಅಕ್ಷತಾಳನ್ನು ಹತ್ತಿಸಿದ್ದರಂತೆ. ಕೂದಲು ಬಿಳಿಯಾಗಿತ್ತು. ಬೂಟುಗಳು ಮಾತ್ರ ಹಾಗೇ ಇದ್ದವು.

ಮಗಳು ಹತ್ತತೊಡಗಿದಳು. ಕಂಬವನ್ನು ತಬ್ಬಿ, ಪಾದ ಒತ್ತಿ, ಮೈ ಎಳೆದುಕೊಳ್ಳುತ್ತ. ನನಗೆ ನೋಡಲಾಗಲಿಲ್ಲ, ಆದರೂ ನೋಡಿದೆ. ಅವರು ಕೆಳಗೆ ಎರಡೂ ತೋಳು ಚಾಚಿ ನಿಂತಿದ್ದರು. ಅಷ್ಟು ಎತ್ತರದಿಂದ ಬಿದ್ದರೆ ಆ ತೋಳುಗಳಿಂದ ಏನೂ ಆಗುತ್ತಿರಲಿಲ್ಲ. ಆದರೂ ಅವಳು ಇಳಿಯುವವರೆಗೆ ತೋಳು ಕೆಳಗಿಳಿಸಲಿಲ್ಲ.

ಅಕ್ಷತಾ ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಅವರು ನನ್ನ ಪಕ್ಕ ಬಂದು ಕಟ್ಟೆಯ ಮೇಲೆ ಕುಳಿತರು.

"ನಿಮಗ ಸಿಟ್ಟು ಬಂದೈತಿ, ಅಕ್ಕೋರ."

"ಸಿಟ್ಟಲ್ರಿ."

"ಮತ್ತ?"

ಎಷ್ಟೋ ವರ್ಷ ನಾಲಿಗೆಯ ಮೇಲೆ ಕುಳಿತಿದ್ದ ಪದ ತಾನಾಗಿ ಬಂತು. "ಹೊಟ್ಟಿಕಿಚ್ಚು."

ಅವರಿಗೆ ಆಶ್ಚರ್ಯವಾಗಲಿಲ್ಲ. ನಗಲೂ ಇಲ್ಲ. ನಲ್ಲಿಯ ಹತ್ತಿರ ಬಗ್ಗಿ ಮುಖ ತೊಳೆಯುತ್ತಿದ್ದ ನನ್ನ ಮಗಳನ್ನೇ ನೋಡುತ್ತ ಹೇಳಿದರು.

"ನನಗೂ ಐತ್ರಿ. ಆ ಶಾಲ್ಯಾಗ ಇದ್ದಾಗಿಂದ ಐತಿ. ಎಷ್ಟ ಓಡಿಸಿದ್ರೂ, ಎಷ್ಟ ಆಡಿಸಿದ್ರೂ, ಸಂಜಿ ಆತಂದ್ರ ಆಕಿ ಚೀಲಾ ತಗೊಂಡು ನಿಮ್ಮ ಕೈ ಹಿಡಕೊಂಡು ಬಸ್ ಹತ್ತತಿದ್ಲು. ನಾನು ಅದ ಬಸ್ಸಿನ್ಯಾಗ ನಿಂತಿರತಿದ್ದೆ."

ಆ ಬಸ್ಸನ್ನು ಅಷ್ಟು ವರ್ಷ ನಾನು ಹತ್ತಿದ್ದೆ. ಅವರು ನಿಂತದ್ದನ್ನು ನೋಡಿದ್ದೆ, ಅವರು ಏನನ್ನು ನೋಡುತ್ತಿದ್ದರು ಎಂದು ನೋಡಿರಲಿಲ್ಲ.

ಅಕ್ಷತಾಳಿಗೆ ಕೆಲಸ ಸಿಕ್ಕಿತು. ಈಗ ನೇಸರಗಿಯ ಸುತ್ತಿನ ಊರುಗಳಲ್ಲಿ ಕಂಬ ಹತ್ತುತ್ತಾಳೆ. ಗಾಳಿಮಳೆ ಬಂದ ಸಂಜೆ ನಾನು ಫೋನು ಕೈಯಲ್ಲಿ ಹಿಡಿದು ಕೂಡುತ್ತೇನೆ. ಅವರೂ ಹಿಡಿದು ಕೂಡುತ್ತಾರೆಂದು ನನಗೆ ಗೊತ್ತು, ಏಕೆಂದರೆ ಒಮ್ಮೊಮ್ಮೆ ನಾನು ಮಾಡಿದರೆ ಮಗಳ ಲೈನು ಎಂಗೇಜ್ ಬರುತ್ತದೆ.

ಕಂಬ ಹತ್ತಿದ ಆ ಭಾನುವಾರ ಅವರು ನಮ್ಮೊಡನೆ ಬಸ್ಸಿನವರೆಗೆ ಬಂದರು. ನಾನು ಕಿಟಕಿಯ ಹತ್ತಿರ ಕುಳಿತೆ, ಅಕ್ಷತಾ ನನ್ನ ಪಕ್ಕ. ದಣಿದಿದ್ದಳು. ಬಸ್ಸು ಹೊರಡುವ ಮೊದಲೇ ನನ್ನ ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದಳು. ಬಾಯಿ ಸ್ವಲ್ಪ ತೆರೆದಿತ್ತು, ಎಳೆಗೂಸಿನ ಹಾಗೆ. ನಾನು ಅವಳ ಸುಲಿದ ಅಂಗೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. ತಲೆಯೆತ್ತಿ ಹೊರಗೆ ನೋಡಿದರೆ ಅವರು ಕಿಟಕಿಯ ಕೆಳಗೆ ನಿಂತಿದ್ದರು. ಅವರ ಮುಖದ ಮೇಲಿದ್ದದ್ದನ್ನು ಗುರುತಿಸಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ.

"ಆಕಿನ್ನ ಎಬ್ಬಸಬ್ಯಾಡ್ರಿ" ಎಂದು ಮೆಲ್ಲಗೆ ಹೇಳಿ, ಬಸ್ಸು ಹೊರಡುವುದನ್ನು ಕಾಯದೆ ಶಾಲೆಯ ಕಡೆ ತಿರುಗಿ ನಡೆದರು.